ಬೈಲಹೊಂಗಲದ ಮೂರಡಿ ಸಮುದ್ರ

ಸಮುದ್ರವನ್ನು ನಾನು ಇಡೀ ಜೀವಮಾನದಲ್ಲಿ ನೋಡಿದ್ದು ಎರಡೇ ಸಲ. ಒಮ್ಮೆ ಸಾಲೆಯ ಪ್ರವಾಸದಲ್ಲಿ, ಇನ್ನೊಮ್ಮೆ ಮದುವೆಯಾದ ಹೊಸದರಲ್ಲಿ. ಎರಡನೆಯ ಸಲ ಹೆಂಡತಿ ನೀರಿಗೆ ಇಳಿಯಲಿಲ್ಲ. ಸೆರಗು ಬಿಗಿ ಹಿಡಿದು ದಂಡೆಯ ಮೇಲೆ ನಿಂತು, ಬಹಳ ಹೊತ್ತು ನೋಡಿ, "ಇಷ್ಟ ನೀರು ಇದ್ದೂ ಕುಡಿಯಾಕ ಬರಂಗಿಲ್ಲಲ್ರಿ" ಎಂದಳು. ಎಂಟು ದಿನಕ್ಕೊಮ್ಮೆ ನಳಕ್ಕೆ ನೀರು ಬರುವ ಊರಿನಲ್ಲಿ ಸಂಸಾರ ಹೂಡಿದವಳಿಗೆ ಸಮುದ್ರ ನೋಡಿ ಬೇರೆ ಏನು ಅನ್ನಿಸಬೇಕು? ಅಂಥ ನಾವಿಬ್ಬರು ಬೈಲಹೊಂಗಲದ ಎರಡು ಕೋಣೆಯ ಮನೆಯಲ್ಲಿ ಸಮುದ್ರ ಮಾಡಲು ಹೋದೆವು. ಮೂರಡಿ ಉದ್ದ, ಒಂದೂವರೆ ಅಡಿ ಎತ್ತರದ್ದು.

ನಾನು ಊರಿನಲ್ಲೊಂದು ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೆಲಸ ಮಾಡುವವನು. ಇಪ್ಪತ್ತು ವರ್ಷದಿಂದ ಮಂದಿಯ ತೋಳಿಗೆ ಸೂಜಿ ಚುಚ್ಚುತ್ತ, ಕೊಳವೆಯಲ್ಲಿ ಬಣ್ಣ ನೋಡುತ್ತ, ಚೀಟಿಯ ಮೇಲೆ ಅಂಕಿ ಬರೆಯುತ್ತ ಬಂದಿದ್ದೇನೆ. ಅಂಕಿ ಸುಳ್ಳು ಹೇಳುವುದಿಲ್ಲ, ಮನುಷ್ಯರು ಹೇಳುತ್ತಾರೆ ಎಂಬುದು ನನ್ನ ಸಿದ್ಧಾಂತ. "ಸಕ್ಕರಿ ಬಿಟ್ಟೇನ್ರಿ" ಎನ್ನುವವರ ರಕ್ತ ಏನು ಹೇಳುತ್ತದೆ ಎಂಬುದು ನನಗೆ ಗೊತ್ತು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಹೇಳುವ ಕಥೆಯಲ್ಲಿ ಮೀನು, ಹುಳ, ಹವಳ ಎಷ್ಟೇ ಬಂದರೂ ಕೊನೆಗೆ ಕೆಲಸ ಕೆಡಿಸಿದ್ದು ಈ ಸಿಟ್ಟು.

ನಮಗೆ ಮೂರು ಸಲ ಆಸೆ ಹುಟ್ಟಿ ಮೂರು ಸಲ ಹೋಯಿತು. ಮೂರನೆಯದು ಆರು ತಿಂಗಳು ನಿಂತಿತ್ತು. ಸೀಮಂತದ ಕುಬಸಕ್ಕೆಂದು ರಾಮದುರ್ಗದ ಅವಳ ತವರಿನಿಂದ ಹಸಿರು ಸೀರೆ ಬಂದಾಗಿತ್ತು, ಏಳನೆಯ ತಿಂಗಳು ಬೀಳಲೆಂದು ಪೆಟ್ಟಿಗೆಯಲ್ಲಿ ಕಾಯುತ್ತಿತ್ತು. ಸೀರೆ ಪೆಟ್ಟಿಗೆಯಲ್ಲೇ ಉಳಿಯಿತು. ಬೆಳಗಾವಿಯ ಡಾಕ್ಟರು ಇನ್ನು ಪ್ರಯತ್ನ ಬೇಡ, ಜೀವಕ್ಕೇ ಅಪಾಯ ಎಂದರು.

ನನ್ನ ಹೆಂಡತಿ ಹೆಪ್ಪು ಹಾಕಿದ ಮೊಸರೆಂದರೆ ಓಣಿಗೆಲ್ಲ ಹೆಸರು. ಬೋಗುಣಿ ಬೋರಲು ಹಾಕಿದರೂ ಬೀಳದಂಥದ್ದು. ನಾಲ್ಕು ಮನೆಯ ಹೆಂಗಸರು ಮುಂಜಾನೆ ವಾಟಿ ಹಿಡಿದು ಹೆಪ್ಪಿಗೆ ಬರುತ್ತಿದ್ದರು. "ನಿಮ್ಮ ಕೈಗುಣ ಛಲೋ ಐತ್ರಿ ಅಕ್ಕಾರ" ಎನ್ನುತ್ತಿದ್ದರು. ಮೂರನೆಯದು ಹೋದಾಗ ನೋಡಲು ಬಂದಿದ್ದ ಕಿತ್ತೂರಿನ ನನ್ನ ಅಕ್ಕ ಪಡಸಾಲೆಯಲ್ಲಿ ಕೂತು, ಒಳಗೆ ಮಲಗಿದವಳಿಗೆ ಕೇಳಿಸುವಷ್ಟು ದೊಡ್ಡ ದನಿಯಲ್ಲಿ, "ಕೈಗುಣ ಮೊಸರಾಗ ಇದ್ದರ ಸಾಕೇನಪಾ? ಅಕಿ ಕೈಯಾಗ ಜೀವ ನಿಲ್ಲಂಗಿಲ್ಲ" ಎಂದಳು.  ಸಣ್ಣದಕ್ಕೆಲ್ಲ ಹಾರಾಡುವ ನಾನು ಅವತ್ತು ಅಕ್ಕನನ್ನು ತಡೆಯಲಿಲ್ಲ.

ಮರುದಿನದಿಂದ ಅವಳು ಹೆಪ್ಪು ಹಾಕುವುದನ್ನು ಬಿಟ್ಟಳು. ಅಂಗಡಿಯಿಂದ ಪಾಕೀಟಿನ ಮೊಸರು ಬಂತು. ಹಿತ್ತಲಿನ ಕರಿಬೇವಿಗೆ ನೀರು ಹಾಕುವುದನ್ನು ಬಿಟ್ಟಳು. ನೆರೆಮನೆಯ ಕೂಸನ್ನು ಎತ್ತಿಕೊಳ್ಳೆಂದು ಕೊಟ್ಟರೆ, "ಕೈ ಹಸಿ ಅದಾವ" ಎಂದು ಹಿಂದೆ ಸರಿಯುತ್ತಿದ್ದಳು. ಅಡಿಗೆ ಮಾಡುತ್ತಿದ್ದಳು, ಪೂಜೆ ಮಾಡುತ್ತಿದ್ದಳು, ಕೇಳಿದ್ದಕ್ಕೆ ಹೂಂ ಎನ್ನುತ್ತಿದ್ದಳು. ಅಷ್ಟೇ.

ಹೀಗೆ ಏಳೆಂಟು ತಿಂಗಳು ಕಳೆದ ಮೇಲೆ, ತಪಾಸಣೆಗೆಂದು ಮತ್ತೆ ಬೆಳಗಾವಿಗೆ ಹೋದಾಗ, ಡಾಕ್ಟರ ಪಾಳಿಗೆ ಕಾಯುವ ಕೋಣೆಯಲ್ಲಿ ಒಂದು ಗಾಜಿನ ತೊಟ್ಟಿ ಇತ್ತು. ಉಪ್ಪುನೀರಿನದು. ಒಳಗೆ ನೇರಳೆ ಬಣ್ಣದ ಕಲ್ಲು, ಕಲ್ಲಿನ ಮೇಲೆ ತೂಗಾಡುವ ಹವಳ, ಅದರ ನಡುವೆ ಕೇಸರಿ ಬಣ್ಣದ ಮೀನು. ಅವಳು ಎದ್ದು ಹೋಗಿ ಅದರ ಮುಂದೆ ನಿಂತಳು. ಪಾಳಿ ಬಂತೆಂದು ಕರೆದರೂ ಕೇಳಿಸಲಿಲ್ಲ. ಹೊರಗೆ ಬಂದ ಮೇಲೆ, ಬಸ್ಸಿನಲ್ಲಿ, ತಾನಾಗಿಯೇ ಕೇಳಿದಳು: "ಆ ಕಲ್ಲು ಜೀವ ಇದ್ದದ್ದೇನ್ರಿ?"

ತಿಂಗಳುಗಳ ಮೇಲೆ ಅವಳು ಕೇಳಿದ ಮೊದಲ ಪ್ರಶ್ನೆ ಅದು. ನನಗೆ ಉತ್ತರ ಗೊತ್ತಿರಲಿಲ್ಲ. ಉತ್ತರ ಹುಡುಕುತ್ತ ಹೋದವನು ತೊಟ್ಟಿಯನ್ನೇ ತಂದೆ.

ಬೆಳಗಾವಿಯಲ್ಲಿ ಉಪ್ಪುನೀರಿನ ಸಾಮಾನು ಇಡುವ ಒಂದು ಸಣ್ಣ ಅಂಗಡಿ ಸಿಕ್ಕಿತು. ಅಂಗಡಿಯವರು ವಯಸ್ಸಾದವರು, ಮನೆಮಾತು ಮರಾಠಿ, ನಮ್ಮ ಮಾತನ್ನೂ ನಮ್ಮ ಹಾಗೆಯೇ ಆಡುತ್ತಿದ್ದರು. ಇಂಥ ಸಾಮಾನು ಮಾರುವವರು ಸಾಮಾನ್ಯವಾಗಿ ಮೀನನ್ನು ಮೊದಲು ತೋರಿಸುತ್ತಾರೆ. ಇವರು ಒಂದು ಕುರ್ಚಿ ತೋರಿಸಿ, "ಕುಂದರ್ರಿ. ನಿಮಗ ಕಾಯಾಕ ಬರತೈತೇನು ಮೊದಲ ಹೇಳ್ರಿ" ಎಂದರು.

"ಎಷ್ಟು ದಿನ?" ಎಂದೆ.

"ದಿನ ಅಲ್ರಿ. ಮೊದಲ ನೀರು ಹದಕ್ಕ ಬರಬೇಕು. ಆಮ್ಯಾಲೆ ಕಲ್ಲು. ಆಮ್ಯಾಲೆ ಬಸವನಹುಳ. ಎಲ್ಲಾರಕಿಂತ ಕಡೀಕ ಮೀನ. ಒಂದೂವರಿ, ಎರಡು ತಿಂಗಳು ಖಾಲಿ ನೀರು ನೋಡಿಕೋತ ಕುಂದರಬೇಕು. ತಾಳಿದವ ಬಾಳ್ಯಾನು ಅಂತಾರಲ್ರಿ, ಅದು ಈ ಉದ್ಯೋಗಕ್ಕ ಅಂದ ಮಾತು."

ಕಾಯುವುದು ನಮ್ಮ ಮನೆಗೆ ಹೊಸದೇನೂ ಆಗಿರಲಿಲ್ಲ. ಸಾಮಾನು ಕಟ್ಟಿಸಿಕೊಂಡೆ.

ದೀಪಾವಳಿ ಮುಗಿದ ವಾರದಲ್ಲಿ ಕೆಲಸ ಶುರುವಾಯಿತು. ನಳದ ನೀರು ನಡೆಯುವುದಿಲ್ಲ, ಅದರಲ್ಲಿ ಸುಣ್ಣ. ಊರ ಫಿಲ್ಟರಿನ ನೀರೂ ಸಾಲದು. ಲ್ಯಾಬಿನಲ್ಲಿ ನೀರು ಭಟ್ಟಿ ಇಳಿಸುವ ಯಂತ್ರವೊಂದಿತ್ತು. ಮಾಲೀಕರ ಅಪ್ಪಣೆ ಕೇಳಿ, ದಿನಕ್ಕೊಂದು ಡಬ್ಬಿಯಂತೆ ಹದಿನೈದು ದಿನ ಬೈಕಿನ ಮೇಲೆ ಹೊತ್ತು ತಂದೆ. ಉಪ್ಪು ಬೆರೆಸಿ ಅಳೆದು, ಮತ್ತೆ ಬೆರೆಸಿ ಅಳೆದು, ಒಣ ಕಲ್ಲುಗಳನ್ನು ಒಂದರ ಮೇಲೊಂದು ಜೋಡಿಸಿ, ಪಂಪು ಹಚ್ಚಿದೆ. ನೀರು ಗುಳುಗುಳು ಎನ್ನತೊಡಗಿತು. ಅವಳು ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು.

ಇನ್ನು ನೀರಿನೊಳಗೆ ಒಂದಿಷ್ಟು ಕೊಳೆಯುವ ಪದಾರ್ಥ ಬೇಕು. ಅದರಿಂದ ವಿಷ ಹುಟ್ಟಬೇಕು, ಆ ವಿಷ ತಿನ್ನುವ ಕಣ್ಣಿಗೆ ಕಾಣದ ಜೀವಿಗಳು ಬಂದು ಕಲ್ಲಿನಲ್ಲಿ ಮನೆ ಮಾಡಬೇಕು. ಕೆಲವರು ಇದಕ್ಕೆ ಒಂದು ಹಸಿ ಸಿಗಡಿ ಹಾಕಿ ಕೊಳೆಸುತ್ತಾರೆ. ಮನೆಯಲ್ಲಿ ಇಷ್ಟಲಿಂಗ ಪೂಜೆ ನಡೆಯುವಾಗ ಸಿಗಡಿಯನ್ನು ಒಳಗೆ ತರುವುದೆಲ್ಲಿಂದ ಬಂತು? ಕೊಳೆಯುವ ಗೊಡವೆಯಿಲ್ಲದೆ ಅದೇ ವಿಷ ಕೊಡುವ ನವಸಾಗರದ ಬಿಳಿ ಪುಡಿಯನ್ನು ಲ್ಯಾಬಿನ ಕಪಾಟಿನಿಂದ ತಂದು ಹಾಕಿದೆ. ಮೀನು ತಿನ್ನದ ಮಂದಿ ಮೀನು ಸಾಕತಾರ ಎಂದು ಓಣಿಯವರು ನಕ್ಕರು. ಮೀನೇ ಇಲ್ಲದ ತೊಟ್ಟಿ ನೋಡಿ ಇನ್ನಷ್ಟು ನಕ್ಕರು. "ನೀರ ಸಾಕ್ಯಾರಂತ" ಎಂದು ಹಾಲಿನವನು ಹೋದಲ್ಲೆಲ್ಲ ಹೇಳಿಕೊಂಡು ಬಂದ.

ಎರಡು ದಿನಕ್ಕೊಮ್ಮೆ ಸಂಜೆ ಕೊಳವೆಯಲ್ಲಿ ನೀರು ತೆಗೆದು, ಔಷಧದ ಹನಿ ಹಾಕಿ ಬಣ್ಣ ನೋಡುತ್ತಿದ್ದೆ. ಇದು ನನ್ನ ಹುಟ್ಟು ಕಸುಬಿನಂಥದ್ದು. ಮೊದಲ ವಿಷ ಏರಿತು. ಬಳಿಕ ಅದು ಇಳಿಯುತ್ತ ಎರಡನೆಯ ವಿಷ ಏರಿತು, ಕೊಳವೆ ನೇರಳೆಯಾಯಿತು. ಅವಳು ಬಂದು ನಿಲ್ಲುತ್ತಿದ್ದಳು.

"ಹಾಕೂದು ಯಾವಾಗ್ರಿ?"

"ಇನ್ನೂ ಹೊಂದಿಲ್ಲ."

"ಏನು ಹೊಂದಬೇಕು?"

ನಾನು ಹೇಳಿದೆ. ಕಾಣದ ಜೀವಿಗಳು ನೆಲೆಯಾಗುವ ಮೊದಲೇ ಮೀನು ಬಿಟ್ಟರೆ ಅದು ತನ್ನ ಹೊಲಸಿನಲ್ಲೇ ಸುಟ್ಟು ಸಾಯುತ್ತದೆ ಎಂದೆ. ಅವಳು ಯೋಚಿಸಿ, "ಅಂದ್ರ ಕಾಣಲಾರದವರು ಮೊದಲ ಬಂದು ಮನಿ ಹಸನ ಮಾಡಬೇಕು" ಎಂದಳು. ಮತ್ತೆ, "ಅವು ಬಂದ ಬರತಾವ ಅನ್ನೂದು ಖಾತ್ರಿ ಐತೇನ್ರಿ?" ಎಂದು ಕೇಳಿದಳು.

"ಬರತಾವ. ಎಲ್ಲಾ ಕಡೆ ಬಂದಾವ," ಎಂದೆ. ಎಂದ ಮೇಲೆ ನಾಲಿಗೆ ಕಚ್ಚಿಕೊಂಡೆ. 

ನೀರು ದಿನಾ ಆರುತ್ತದೆ. ಉಪ್ಪು ಆರುವುದಿಲ್ಲ, ನೀರಷ್ಟೇ ಆರುತ್ತದೆ. ಆರಿದಷ್ಟು ಸಿಹಿನೀರನ್ನು ದಿನಾ ಮುಂಜಾನೆ ತುಂಬಬೇಕು. ನಾನು ಬರಿಹೊಟ್ಟೆಯ ರಕ್ತ ತೆಗೆಯಲು ಆರೂವರೆಗೆಲ್ಲ ಲ್ಯಾಬಿನಲ್ಲಿ ಇರಬೇಕಾದವನು. ಗಾಜಿನ ಮೇಲೆ ಮಾರ್ಕರಿನಿಂದ ಒಂದು ಗೆರೆ ಎಳೆದು, "ಈ ಗೆರಿ ಮಟಾ ಡಬ್ಬಿಯೊಳಗಿನ ನೀರು ಹಾಕ್ತೀಯೇನು?" ಎಂದು ಕೇಳಿದೆ. ಅವಳು ತನ್ನ ಎರಡೂ ಕೈ ನೋಡಿಕೊಂಡಳು. "ನಾ ಹಾಕಲ್ಯಾ?" ಎಂದಳು. ಖಾಲಿ ನೀರು, ಅದರಲ್ಲಿ ಸಾಯುವಂಥದ್ದು ಏನೂ ಇಲ್ಲ ಎಂದು ನಾನೇ ಧೈರ್ಯ ಹೇಳಿದೆ. ಮಾಡಬಾರದ ಕೆಲಸಗಳ ಒಂದು ಚೀಟಿ ಬರೆದು ಗೋಡೆಗೆ ಅಂಟಿಸಿದೆ. ಸಾಬೂನಿನ ಕೈ ಕೂಡದು, ಊದಿನಕಡ್ಡಿಯ ಹೊಗೆ ಕೂಡದು, ಸೊಳ್ಳೆಯ ಔಷಧ ಕೂಡದು. ತಾಮ್ರ ಕೂಡದು ಎಂಬುದು ನಾನು ಬರೆದಿಟ್ಟುಕೊಂಡಿದ್ದ ವಹಿಯಲ್ಲಿತ್ತು, ಚೀಟಿಯಲ್ಲಿ ಇರಲಿಲ್ಲ. ಅದು ಪಂಪು, ತಂತಿ, ತಿರುಪಿನ ಮಾತು, ಅವಳಿಗ್ಯಾಕೆ ಎಂದುಕೊಂಡೆ. ಪಂಪು, ತಂತಿ, ತಿರುಪು ಎಲ್ಲವನ್ನೂ ನಾನೇ ನೋಡಿಯಾಗಿತ್ತು.

ಸಂಕ್ರಾಂತಿಯ ಹೊತ್ತಿಗೆ ಎರಡೂ ವಿಷ ಸೊನ್ನೆಗೆ ಇಳಿದವು. ಕಲ್ಲಿನ ಮೇಲೆ ಮೊದಲು ಕಂದು ಪಾಚಿ ಬಂತು, ಬಳಿಕ ಹಸಿರು. ಅವಳಿಗೆ ಸಂಭ್ರಮವೋ ಸಂಭ್ರಮ. ನಾನು ಇನ್ನೂ ಎರಡು ವಾರ ತಡೆದೆ. ಮತ್ತೆ ಪುಡಿ ಹಾಕಿ, ಒಂದೇ ದಿನದಲ್ಲಿ ಸೊನ್ನೆಗೆ ಬರುತ್ತದೋ ಇಲ್ಲವೋ ನೋಡಿದೆ. ಬಂತು. ಅಂಗಡಿಯವರಿಗೆ ಫೋನು ಮಾಡಿದರೆ, "ಈಗ ಹುಳ ಒಯ್ರಿ. ಮೀನ ಕೇಳಬ್ಯಾಡ್ರಿ" ಎಂದರು. ಇಷ್ಟು ತಾಳ್ಮೆ ನಾನು ಜೀವಮಾನದಲ್ಲಿ ಯಾವ ವಿಷಯದಲ್ಲೂ ತೋರಿಸಿರಲಿಲ್ಲ. ಆ ದಿನಗಳಲ್ಲಿ ನನಗೆ ನನ್ನ ಮೇಲೆ ಸ್ವಲ್ಪ ಹೆಮ್ಮೆಯೂ ಇತ್ತು.

ಶಿವರಾತ್ರಿಗೆ ಇನ್ನೂ ಹತ್ತು ದಿನವಿರುವಾಗ, ಸೋಮವಾರ ನೋಡಿ, ಆರು ಬಸವನಹುಳ ತಂದೆ. ಸೋಮವಾರವೇ ಆಗಬೇಕೆಂದು ಅವಳ ಹಟ. ಚೀಲವನ್ನು ನೀರಿನ ಮೇಲೆ ತೇಲಿಬಿಟ್ಟು, ಹನಿ ಹನಿಯಾಗಿ ನೀರು ಕೂಡಿಸಿ, ಒಂದೊಂದಾಗಿ ಇಳಿಸಿದೆವು. ಅವು ಗಾಜಿಗೆ ಅಂಟಿ, ಪಾಚಿ ನೆಕ್ಕುತ್ತ ಏರತೊಡಗಿದವು. ಅವಳು ನೆಲದ ಮೇಲೆ ಕೂತು ಅವುಗಳ ಹೊಟ್ಟೆಯ ಕಡೆಯಿಂದ ಬಾಯಿ ನೋಡಿದಳು. "ಊಟ ಮಾಡಾಕತ್ತಾವ್ರಿ" ಎಂದಳು.

ಎರಡು ವಾರದ ಮೇಲೆ ಕೇಸರಿ ಬಣ್ಣದ ಎರಡು ಮೀನು ಬಂದವು. ಅವುಗಳ ಹಿಂದೆಯೇ ಚೆಂಡುಹೂವಿನ ಮೊಗ್ಗುಗಳಂತೆ ಗುಂಪಾಗಿ ಬಿಚ್ಚಿಕೊಳ್ಳುವ ಒಂದು ಹವಳ, ಜೊತೆಗೆ ಒಂದು ಸಿಗಡಿ. ತಿನ್ನುವುದಲ್ಲ, ಮೀನುಗಳ ಮೈಯ ಕೊಳೆ ಕಿತ್ತು ಅದನ್ನೇ ಉಂಡು ಬದುಕುವಂಥದ್ದು. ಬೆನ್ನಿಗೆ ಕೆಂಪು ಪಟ್ಟಿ, ನಡುವೆ ಬಿಳಿ ಗೆರೆ, ಮುಖದ ತುಂಬ ಬಿಳಿ ಮೀಸೆ. ಕೈಯನ್ನು ನೀರಿನಲ್ಲಿ ಅಲುಗಾಡಿಸದೆ ಹಿಡಿದರೆ ಅದು ಬೆರಳಿನ ಮೇಲೆ ಹತ್ತಿ ಉಗುರಿನ ಸಂದಿ ತೊಳೆದುಕೊಡುತ್ತದೆ ಎಂದು ಅಂಗಡಿಯವರು ಹೇಳಿದ್ದರು. ನಾನು ಹಾಗೆ ಹಿಡಿದೆ, ಅದು ಬರಲಿಲ್ಲ. ಅವಳು ಸಾಬೂನಿಲ್ಲದೆ ಮೂರು ಸಲ ಕೈ ತೊಳೆದು, ಬಳೆ ಮೇಲೆ ಸರಿಸಿ, ಹೆದರಿಕೊಂಡೇ ಕೈ ಇಳಿಬಿಟ್ಟಳು. ಅದು ನೆಟ್ಟಗೆ ಬಂದು ಅವಳ ಅಂಗೈಯಲ್ಲಿ ಕೂತಿತು. ಒಂದೊಂದೇ ಬೆರಳು ಹಿಡಿದು ಕೆಲಸ ಶುರು ಮಾಡಿತು.

ಅವಳು ನಕ್ಕಳು. ದನಿ ತೆಗೆದು ನಕ್ಕಳು. "ಥೇಟ ಬಳಿಗಾರ ಹಿಡದಂಗ ಹಿಡಿತೈತ್ರಿ" ಎಂದಳು. ಅಂದಿನಿಂದ ಅದಕ್ಕೆ ಬಳೆಗಾರ ಎಂದೇ ಕರೆದೆವು.

ಆ ವಾರದಲ್ಲೊಂದು ದಿನ ಊಟಕ್ಕೆ ಕೂತಾಗ ತಾಟಿನಲ್ಲಿ ಮೊಸರು ಬಿತ್ತು. ಗಟ್ಟಿ ಮೊಸರು, ಮೇಲೆ ಕೆನೆ. ನಾನು ತಲೆ ಎತ್ತಿ ಅವಳ ಮುಖ ನೋಡಿದೆ. ಅವಳು ನೋಡಲಿಲ್ಲ, ರೊಟ್ಟಿ ಮುರಿಯುತ್ತಿದ್ದಳು.  ನಾನು ಎರಡನೆಯ ಸಲ ಮೊಸರು ಹಾಕಿಸಿಕೊಂಡೆ. ಬದುಕು ಮತ್ತೆ ಹಳಿಗೆ ಬಂತು ಎಂದು ನಂಬಿದೆ. ಅಷ್ಟೊಂದು ನಂಬಬಾರದಿತ್ತು.

ಹೋಳಿ ಹುಣ್ಣಿಮೆಯ ಸುಮಾರಿಗೆ ಒಂದು ಬಸವನಹುಳ ಗಾಜಿನಿಂದ ಕಳಚಿ ಬಿತ್ತು. ತಿರುಗಿಸಿ ಇಟ್ಟರೆ ಮತ್ತೆ ಬಿತ್ತು. ನಾಲ್ಕು ದಿನದಲ್ಲಿ ಮೂರು ಹೋದವು. ಹವಳದ ಹೂ ಮುಂಜಾನೆ ಬಿಚ್ಚುವುದನ್ನು ನಿಲ್ಲಿಸಿತು. ನಾನು ಕೊಳವೆಗಳನ್ನು ಸಾಲಾಗಿ ಹಚ್ಚಿಕೊಂಡು ಕೂತೆ. ಮೊದಲ ವಿಷ ಸೊನ್ನೆ. ಎರಡನೆಯದು ಸೊನ್ನೆ. ಉಪ್ಪು ಸರಿ, ಶಾಖ ಸರಿ. ಮೀನುಗಳು ಆರಾಮವಾಗಿ ಈಜಾಡುತ್ತಿದ್ದವು. ಎಲ್ಲ ಅಂಕಿಯೂ ಸರಿಯಿದ್ದು ಜೀವ ಮಾತ್ರ ಹೋಗುತ್ತಿತ್ತು.

ಅಂಗಡಿಯವರು ಫೋನಿನಲ್ಲಿ ಎಲ್ಲ ಕೇಳಿ, "ಮೀನ ಛಲೋ ಅದಾವ, ಹುಳ ಸಾಯಾಕತ್ತಾವ ಅಂದ್ರ ತಾಮ್ರ ಮುಟ್ಟಿರಬೇಕ್ರಿ. ಮೀನ ತಡಕೋತಾವ, ಬಾಕಿದವು ತಡಕೊಳ್ಳಂಗಿಲ್ಲ. ಎಲ್ಲೆರ ತಾಮ್ರ ಐತೇನು ನೋಡ್ರಿ" ಎಂದರು.

"ಇಲ್ರಿ, ಎಲ್ಲಾ ನಾನ ನೋಡೇನಿ" ಎಂದೆ. ಆದರೂ ಪಂಪು ಬಿಚ್ಚಿ ನೋಡಿದೆ, ಬಲ್ಬಿನ ತಿರುಪು ಬಿಚ್ಚಿ ನೋಡಿದೆ. ಲ್ಯಾಬಿನ ಯಂತ್ರದ ನಳಿಕೆಯೂ ಗಾಜಿನದೇ. ಅಡಿಗೆಮನೆಯ ಕಡೆ ನನ್ನ ತಲೆ ಹೋಗಲೇ ಇಲ್ಲ.

ಯುಗಾದಿಗೆ ಮೂರು ದಿನವಿರುವಾಗ ಬಳೆಗಾರ ಸತ್ತಿತು. ಕಲ್ಲಿನ ಸಂದಿಯಲ್ಲಿ ಮಗ್ಗುಲಾಗಿ ಬಿದ್ದಿತ್ತು. ಅದನ್ನು ಎತ್ತಿ ಹಾಕಿದ್ದು ಅವಳೇ. ಹಿತ್ತಲಿನ ಕರಿಬೇವಿನ ಬುಡದಲ್ಲಿ ಮಣ್ಣು ಮಾಡಿ ಬಂದಳು. "ನಾ ಏನರ ತಪ್ಪು ಮಾಡಿದ್ನೇನ್ರಿ?" ಎಂದು ಕೇಳಿದಳು. ಇಲ್ಲ, ಸರಕೇ ಕೆಟ್ಟದ್ದು ಬಂದಿರಬೇಕು ಎಂದೆ. ಆ ಹೊತ್ತಿಗೆ ಅದನ್ನು ನಾನು ನಂಬಿಯೂ ಇದ್ದೆ.

ಯುಗಾದಿಯ ದಿನ ಲ್ಯಾಬಿಗೆ ರಜೆ. ಎಣ್ಣೆ ಹಚ್ಚಿಕೊಂಡು ಜಳಕ ಮಾಡಿ ಬಚ್ಚಲಿನಿಂದ ಹೊರಗೆ ಬಂದೆ. ತೊಟ್ಟಿಯ ಮುಂದೆ ಅವಳು ನಿಂತಿದ್ದಳು. ಮಿಂದು ಹೊಸ ಸೀರೆ ಉಟ್ಟಿದ್ದಳು. ಪಕ್ಕದ ಮಣೆಯ ಮೇಲೆ ರಾಮದುರ್ಗದಿಂದ ಮದುವೆಯಲ್ಲಿ ಬಂದ ತಾಮ್ರದ ಕೊಡ. ಹುಣಸೆಹಣ್ಣು ಹಚ್ಚಿ ತಿಕ್ಕಿ ಕೆಂಪಗೆ ಬೆಳಗಿದ್ದಳು, ಅದರ ಬಾಯಿಗೆ ಬಿಳಿ ಬಟ್ಟೆ ಕಟ್ಟಿದ್ದಳು. ತಾಮ್ರದ ತಂಬಿಗೆಯಿಂದ ನೀರು ತೆಗೆದು, ಹವಳಕ್ಕೆ ಪೆಟ್ಟಾಗದಂತೆ ಇನ್ನೊಂದು ಕೈ ಅಡ್ಡ ಹಿಡಿದು, ನಿಧಾನವಾಗಿ ಸುರಿಯುತ್ತಿದ್ದಳು.

"ಏನ ಹಾಕಾಕತ್ತಿ?" ಎಂದೆ.

"ನೀರ್ರಿ. ನೀವು ತಂದದ್ದ," ಎಂದಳು. "ಖಾಲಿ ಇದ್ದಾಗ ಡಬ್ಬಿಯೊಳಗಿಂದ ಹಾಕ್ತಿದ್ದೆ. ಜೀವ ಬಂದ ಮ್ಯಾಲ ಪ್ಲಾಸ್ಟಿಕಿನ ನೀರು ಹ್ಯಾಂಗ ಹಾಕೂದು ಅಂತ, ಹಿಂದಿನ ದಿನಾನ ಕೊಡದಾಗ ತುಂಬಿ ಇಡತೇನಿ. ಪೂಜಿ ನೀರು, ಇವುಗಳ ನೀರು ಎರಡೂ ಒಂದ ಕೊಡದ್ದು."

"ಯಾವಾಗಿಂದ?"

"ಹುಳ ಬಂದ ಸೋಮವಾರದಿಂದ್ರಿ."

ಅವಳ ಮುಖದಲ್ಲಿ ಮೆಚ್ಚುಗೆಯ ಮಾತಿಗೆ ಕಾಯುವ ನೋಟವಿತ್ತು. ಹದಿನೆಂಟು ವರ್ಷದ ಸಂಸಾರದಲ್ಲಿ ನಾನು ಬಲ್ಲ ನೋಟ. ಒಂದೂವರೆ ತಿಂಗಳು, ದಿನಾ ಒಂದೆರಡು ತಂಬಿಗೆ, ಹುಳಿಯಲ್ಲಿ ತಿಕ್ಕಿದ ತಾಮ್ರ. ನೀರು ಆರುತ್ತದೆ, ತಾಮ್ರ ಆರುವುದಿಲ್ಲ. ದಿನಾ ಅಷ್ಟಷ್ಟೇ ಕೂಡುತ್ತ ಹೋಗುತ್ತದೆ. ಎಲ್ಲ ಒಮ್ಮೆಲೆ ತಲೆಗೆ ಬಂತು, ತಲೆಗಿಂತ ಮೊದಲು ಸಿಟ್ಟು ಬಾಯಿಗೆ ಬಂತು. ತಿಂಗಳುಗಟ್ಟಲೆ ಕಾದದ್ದು, ಡಬ್ಬಿ ಹೊತ್ತದ್ದು, ಎಲ್ಲ ನೆನಪಾಯಿತು. ಮೊಸರು ನೆನಪಾಗಲಿಲ್ಲ.

"ನೀನ ಕೊಂದಿ ಅವನ್ನ" ಎಂದೆ. ಅಲ್ಲಿಗೆ ನಿಲ್ಲಲಿಲ್ಲ. "ನಿನ್ನ ಕೈಯಾಗ ಜೀವ ನಿಲ್ಲಂಗಿಲ್ಲ."

ಅಕ್ಕನ ಮಾತು ನನ್ನ ಬಾಯಿಯಲ್ಲಿ ಹಾಗೇ, ಒಂದು ಅಕ್ಷರ ಸವೆಯದೆ ಇತ್ತು. ಇಷ್ಟು ದಿನ ಅದನ್ನು ಎಲ್ಲಿ ಇಟ್ಟುಕೊಂಡಿದ್ದೆನೋ.

ಅವಳು ಅಳಲಿಲ್ಲ. ತಂಬಿಗೆಯನ್ನು ಕೊಡದ ಮೇಲೆ ಇಟ್ಟಳು. ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಹೌದ್ರಿ" ಎಂದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಾನು ಅಂದೇ ಮಧ್ಯಾಹ್ನ ಕ್ಷಮೆ ಕೇಳಿದೆ. ತಾಮ್ರದ ವಿಷಯ ಬಿಡಿಸಿ ಹೇಳಿದೆ. ನಮಗೆ ಅಮೃತವಾದದ್ದು ಆ ಹುಳಗಳಿಗೆ ವಿಷ, ನಿನಗದು ಗೊತ್ತಿರಲಿಲ್ಲ, ಚೀಟಿಯಲ್ಲಿ ಬರೆಯದೆ ಬಿಟ್ಟದ್ದು ನನ್ನ ತಪ್ಪು, ನಿನ್ನ ಕೈಯದಲ್ಲ ಎಂದೆ. ವಹಿ ತೆರೆದು ತೋರಿಸಿದೆ. ಅವಳು ಓದಿದಳು. "ಹಂಗೇನ್ರಿ" ಎಂದಳು. ನಾನು ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ. ಆದರೆ ಅವಳು ಮೊದಲು ಕೇಳಿದ್ದನ್ನು ನಂಬಿಯಾಗಿತ್ತು. ಕಿತ್ತೂರಿನ ಅಕ್ಕ ಅಂದಾಗ ಇನ್ನೂ ಸ್ವಲ್ಪ ಅನುಮಾನ ಉಳಿದಿತ್ತೇನೋ. ಗಂಡನೂ ಅಂದ ಮೇಲೆ ಮುಗಿಯಿತು.

ಕೊಡ ಅಟ್ಟಕ್ಕೆ ಹೋಯಿತು. ಪೂಜೆಗೆ ಸ್ಟೀಲಿನ ತಂಬಿಗೆ ಬಂತು. ಮರುದಿನ ಊಟದಲ್ಲಿ ಪಾಕೀಟಿನ ಮೊಸರು. ವಾಟಿ ಹಿಡಿದು ಬಂದ ನೆರೆಯವಳಿಗೆ, "ನಮ್ಮ ಹೆಪ್ಪು ಕೆಟ್ಟೈತ್ರಿ" ಎಂದು ಹೇಳಿ ಕಳಿಸಿದ್ದು ಪಡಸಾಲೆಯಲ್ಲಿದ್ದ ನನಗೆ ಕೇಳಿಸಿತು.

ನಾನು ತೊಟ್ಟಿಯ ನೀರನ್ನು ಅರ್ಧರ್ಧ ಬದಲಿಸಿದೆ, ಮತ್ತೆ ಬದಲಿಸಿದೆ. ಉಳಿದ ಮೂರು ಹುಳವೂ ಹೋದವು, ಹವಳ ಕರಗಿ ಕಂದು ಲೋಳೆಯಾಗಿ ಹೋಯಿತು. ಉಳಿದದ್ದು ಎರಡು ಮೀನು. ಅವುಗಳಿಗೆ ಏನೂ ಆಗಿರಲಿಲ್ಲ. ಅವಕ್ಕೆ ಕಾಳು ಹಾಕುವುದು, ನೀರು ತುಂಬುವುದು ಎಲ್ಲ ನಾನೇ, ಲ್ಯಾಬಿಗೆ ಹೋಗುವ ಮುಂಚೆ. ಅವಳು ಕಸ ಹೊಡೆಯುವಾಗಲೂ ತೊಟ್ಟಿಯಿಂದ ಒಂದು ಮೊಳ ದೂರ ಉಳಿಸಿ ಹೊಡೆಯುತ್ತಿದ್ದಳು. ಅಷ್ಟು ಜಾಗದಲ್ಲಿ ಧೂಳು ಕೂತಿತು. ಅದನ್ನು ನಾನೇ ಒರೆಸುತ್ತಿದ್ದೆ.

ಬಸವ ಜಯಂತಿಯ ನಂತರ ಕಿತ್ತೂರಿನ ಅಕ್ಕನ ಮಗಳ ಕುಬಸ ಗೊತ್ತಾಯಿತು. ಅಕ್ಕ ಫೋನಿನಲ್ಲಿ ನನ್ನನ್ನಷ್ಟೇ ಕರೆದಳು. ಇಬ್ಬರೂ ಬರತೇವಿ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಹೊರಡುವಾಗ ತುಂಬಿದ ಡಬ್ಬಿಯನ್ನು ತೊಟ್ಟಿಯ ಪಕ್ಕ ಇಟ್ಟು, ಕಾಳಿನ ಡಬ್ಬಿ ಅದರ ಮೇಲಿಟ್ಟು, "ನಾಳಿ ಸಂಜಿಗೆ ಬರತೇನಿ. ನೀರು ಇಲ್ಲೇ ಐತಿ, ಗೆರಿ ಮಟಾ ಹಾಕು. ಈ ನೀರಿಗೆ ಏನೂ ಆಗಂಗಿಲ್ಲ" ಎಂದೆ. ಅವಳು ಬಾಗಿಲ ತನಕ ಬಂದಳು. ಹೂಂ ಅಂದಳೋ ಇಲ್ಲವೋ, ಬೈಕಿನ ಸದ್ದಿನಲ್ಲಿ ಗೊತ್ತಾಗಲಿಲ್ಲ.

ಒಂದು ದಿನ ಎಂದದ್ದು ನಾಲ್ಕು ದಿನವಾಯಿತು. ಅಕ್ಕನ ಗಂಡನಿಗೆ ಬಿಸಿಲು ಹೊಡೆದು ದವಾಖಾನೆಗೆ ಸೇರಿಸಿದರು, ಓಡಾಡಲು ಗಂಡಸರಿಲ್ಲ. ದಿನಾ ಫೋನು ಮಾಡುತ್ತಿದ್ದೆ. ಎರಡನೆಯ ದಿನ, "ಮೀನ ಹ್ಯಾಂಗದಾವ?" ಎಂದು ಕೇಳಿದೆ. "ಅದಾವ್ರಿ" ಎಂದಳು. ಮೂರನೆಯ ದಿನ ಕೇಳಲು ಮರೆತೆ.

ಐದನೆಯ ದಿನ ಮಟಮಟ ಮಧ್ಯಾಹ್ನ ಮನೆಗೆ ಬಂದೆ. ಬಾಗಿಲು ತೆರೆದಾಗ ಮೊದಲು ಗೊತ್ತಾದದ್ದು ಸದ್ದಿಲ್ಲದಿರುವುದು. ಆರು ತಿಂಗಳಿಂದ ಆ ಮನೆಯಲ್ಲಿ ನೀರಿನ ಗುಳುಗುಳು ನಿಂತಿರಲಿಲ್ಲ. ತೊಟ್ಟಿಯ ನೀರು ಗೆರೆಯಿಂದ ನಾಲ್ಕು ಬೆರಳು ಕೆಳಗೆ ಇಳಿದಿತ್ತು. ಪಂಪು ನೀರು ಸಿಗದೆ ಗಾಳಿ ಎಳೆದು ಎಳೆದು ಸುಟ್ಟುಹೋಗಿತ್ತು. ಗಾಜಿಗೆ ಉಪ್ಪು ಬೆಳ್ಳಗೆ ಕಟ್ಟಿತ್ತು. ಎರಡೂ ಮೀನು ಮೇಲೆ ತೇಲುತ್ತಿದ್ದವು, ಕೇಸರಿ ಬಣ್ಣ ಆಗಲೇ ಮಾಸಿತ್ತು. ನೀರಿನ ಡಬ್ಬಿ ನಾನು ಇಟ್ಟಲ್ಲೇ ಇತ್ತು. ಅದರ ಮೇಲೆ ಕಾಳಿನ ಡಬ್ಬಿ, ಇಟ್ಟ ಹಾಗೇ.

ಅವಳು ಅಡಿಗೆಮನೆಯಿಂದ ಬಂದು ನನ್ನ ಕೈಯ ಚೀಲ ತೆಗೆದುಕೊಂಡಳು. ಕುಡಿಯಲು ನೀರು ಕೊಟ್ಟಳು.

"ಗರಗರ ಅಂತ ಒದರಾಕತ್ತಿತ್ರಿ," ಎಂದಳು. "ಎರಡು ದಿನ ಒದರಿತು. ನಾ ಇಲ್ಲೇ ಕುಂತು ಕೇಳಿದೆ. ಆಮ್ಯಾಲೆ ಸುಮ್ಮನಾತು."

ನಾನು ಚೊಂಬು ಹಿಡಿದುಕೊಂಡು ನಿಂತಿದ್ದೆ. ಡಬ್ಬಿ ಅಲ್ಲೇ ಇತ್ತಲ್ಲ, ಒಂದು ಚೊಂಬು ಸುರಿದಿದ್ದರೆ ಸಾಕಿತ್ತಲ್ಲ ಎಂಬ ಮಾತು ಗಂಟಲಿನ ತನಕ ಬಂತು. ಜೀವಮಾನದಲ್ಲಿ ಮೊದಲ ಸಲ ಅದನ್ನು ನುಂಗಿದೆ. ನುಂಗಿ ಏನು ಬಂತು, ಹೊತ್ತು ಮೀರಿತ್ತು.

ಅವಳು ನನ್ನ ಮುಖ ನೋಡಿ, ನಾನು ಸಿಟ್ಟಾಗಿದ್ದೇನೆ ಎಂದು ತಿಳಿದಳು. ಎರಡೂ ಕೈ ಮುಂದೆ ಚಾಚಿ, ಅಂಗೈ ಮೇಲೆ ಮಾಡಿ ತೋರಿಸಿದಳು. ಕೂಸಿಗೆ ಸಮಾಧಾನ ಹೇಳುವ ದನಿಯಲ್ಲಿ ಹೇಳಿದಳು:

"ಈ ಸಲ ನಾ ಮುಟ್ಟಿಲ್ರಿ."